ತಿದ್ದುಪಡಿಗೆ ಬರೆದ ಕಾರಣ

ಭಗವಂತನ ಕರುಣೆಯಂತೆ ಹರಿಯುವ ನದಿ. ಅದರ ದಂಡೆಯ ಮೇಲೆ ಮರುಳಯ್ಯನವರ ಆಶ್ರಮ. ಸುತ್ತಲಿನ ಊರವರಿಗೆ ಅವರು ಅಪ್ಪಾರು.

ಕಾವಿ ಉಡುವ ಮೊದಲು ಅವರು ಕಂಪ್ಯೂಟರ್ ವಿದ್ಯೆ ಬಲ್ಲವರಾಗಿದ್ದರು. ಆ ವಿದ್ಯೆಯನ್ನೂ ಶಿವನಿಗೇ ಒಪ್ಪಿಸಿದರು. ನದಿಯುದ್ದಕ್ಕೂ ನೆಟ್ಟ ಕಂಬಗಳು ನೀರಿನ ಮಟ್ಟ ಅಳೆದು ಕಳಿಸುತ್ತವೆ. ಅದನ್ನು ನೋಡಿ ‘ನೀರಿಗಿಳಿಯಬಹುದು’ ಅಥವಾ ‘ಇಳಿಯಬೇಡಿ’ ಎಂದು ಹೇಳುವ ಪ್ರೋಗ್ರಾಂ ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ದೋಣಿ ನಿಲ್ಲುವ ಊರೂರಲ್ಲೂ ಒಂದೊಂದು ಡಬ್ಬಿಯಲ್ಲಿ ಅದರ ಪ್ರತಿ ಇತ್ತು.

ಅದಕ್ಕೊಂದು ನೇಮ. ಯಾರು ಬೇಕಾದರೂ ತಿದ್ದಬಹುದು. ಆದರೆ ಏಕೆ ತಿದ್ದಿದೆನೆಂದು ಕಾರಣ ಬರೆಯಬೇಕು. ಇನ್ನೊಬ್ಬರು ಓದಿ ಒಪ್ಪಿದ ಮೇಲೆಯೇ ಅದು ಮೂಲಕ್ಕೆ ಸೇರಬೇಕು. ಆಮೇಲೆ ಊರಿನವರು ಆ ಕಾರಣ ಓದಿ, ಬೇಕೆನಿಸಿದರೆ ಹೊಸದನ್ನು ತಮ್ಮ ಡಬ್ಬಿಗೆ ಇಳಿಸಿಕೊಳ್ಳುವರು.

ಶಿಷ್ಯ ಬಸಲಿಂಗನಿಗೆ ಒಂದು ದಿನ ಆ ಪ್ರೋಗ್ರಾಮಿನಲ್ಲಿ ತಪ್ಪು ಕಂಡಿತು. ಕಂಬವೊಂದು ಕೆಟ್ಟು ಸುಮ್ಮನಾದರೆ, ಅದರ ಕೊನೆಯ ಅಳತೆಯನ್ನೇ ಪ್ರೋಗ್ರಾಂ ಈಗಿನದೆಂದು ತೋರಿಸುತ್ತಿತ್ತು. ನದಿ ಉಕ್ಕಿದರೂ ‘ಇಳಿಯಬಹುದು’ ಎನ್ನುತ್ತಿತ್ತು.

ಆ ಸಾಲಿನ ಪಕ್ಕದಲ್ಲಿ ಬರೆದವರ ಹೆಸರಿತ್ತು: ಮರುಳಯ್ಯ.

ಬಸಲಿಂಗ ಅಂಜಿದ. ಗುರುವಿನಲ್ಲಿ ತಪ್ಪು ಹುಡುಕಿದವನಿಗೆ ಯಾವ ಗತಿ?

ತಪ್ಪನ್ನು ತಿದ್ದಿದ. ಕಾರಣದ ಜಾಗದಲ್ಲಿ ಬರೆದ: ‘ಅಲ್ಲಲ್ಲಿ ಸ್ವಲ್ಪ ಅಚ್ಚುಕಟ್ಟು ಮಾಡಿದ್ದೇನೆ.’

ಹಿರಿಯ ಶಿಷ್ಯೆ ಅಂಬವ್ವ ಅದನ್ನು ಓದಿದಳು.

“ಏನಪಾ ತಮ್ಮಾ, ಇದು ಅಚ್ಚುಕಟ್ಟೇನು? ಮನಿಗೆ ಬಿದ್ದ ಬೆಂಕಿ ಆರಿಸಿ, ಕಸಾ ಹೊಡದೆ ಅಂದಂಗ ಐತಿ.”

“ಅಕ್ಕಾ, ಕೆಲಸ ಬರೋಬ್ಬರಿ ಐತಿಲ್ಲೋ?”

“ಕೆಲಸ ಬರೋಬ್ಬರಿನ ಐತಿ.”

“ಹಂಗಾರ ಸೇರಿಸಿಬಿಡು. ನಿನ್ನ ಪಾದಾ ಹಿಡೀತೀನಿ.”

ಅಂಬವ್ವ ನಿಟ್ಟುಸಿರಿಟ್ಟು ಸೇರಿಸಿದಳು.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ನದಿಯ ಸದ್ದು ಬದಲಾಯಿತು. ಆಶ್ರಮದ ಮೇಲೆ ಮೋಡವಿರಲಿಲ್ಲ. ಆದರೂ ನೀರು ಕೆಂಪಾಗಿ ಮೆಟ್ಟಿಲು ಏರತೊಡಗಿತು.

ಗುರುಗಳು ಕಂಪ್ಯೂಟರಿನ ಪರದೆಯನ್ನು ನೋಡಿದರು. ‘ಮೇಲಿನ ಕಂಬ ಸುಮ್ಮನಿದೆ. ನೀರಿಗಿಳಿಯಬೇಡಿ.’

“ಈ ಮಾತು ನಾನು ಬರೆದದ್ದಲ್ಲವಲ್ಲ?”

“ನಾನು ಬರೆದೆ, ಗುರುಗಳೇ.”

“ಮೊದಲು ಏನು ಹೇಳುತ್ತಿತ್ತು?”

“ಇಳಿಯಬಹುದು... ಎನ್ನುತ್ತಿತ್ತು.”

“ಕೆಳಗಿನ ಊರುಗಳಲ್ಲಿ ಈಗ ಏನು ಹೇಳುತ್ತಿದೆ?”

“ಅವರು ಹೊಸದನ್ನು ಇಳಿಸಿಕೊಂಡಿಲ್ಲ. ಅಚ್ಚುಕಟ್ಟು ಎಂದು ಬರೆದಿದ್ದೆ. ಅಷ್ಟಕ್ಕಾಗಿ ಯಾರು...”

ಗುರುಗಳು ಬೈಯಲಿಲ್ಲ. “ಅಂಬವ್ವಾ, ಉಳಿದ ಊರುಗಳಿಗೆ ನೀನು ಫೋನ್ ಹಚ್ಚು” ಎಂದರು. ತಾವು ಕೆಳಗಿನ ಊರಿನ ಅಂಬಿಗ ಹುಲಿಗೆಪ್ಪನಿಗೆ ಹಚ್ಚಿ ಫೋನನ್ನು ಬಸಲಿಂಗನ ಕೈಗಿಟ್ಟರು.

ಆ ಕಡೆ ನಗೆ, ಬಳೆಯ ಸದ್ದು, ಮಕ್ಕಳ ಗಲಾಟೆ.

“ಲಗೂನ ಹೇಳ್ರೀ, ಬೀಗರೂಟಕ್ಕ ಹೊಂಟಾರ. ದೋಣಿ ತುಂಬೈತಿ.”

“ಹುಲಿಗೆಪ್ಪಣ್ಣಾ, ದೋಣಿ ಬಿಡಬ್ಯಾಡ! ನೀರು ಬರಾಕತ್ತೈತಿ!”

“ಎಲ್ಲಿ ನೀರು? ಇಲ್ಲಿ ಹೆಣ್ಣಮಕ್ಕಳು ಅರಿವಿ ಒಗ್ಯಾಕತ್ತಾರ. ನಮ್ಮ ಡಬ್ಬಿ ಇಳಿಯಬಹುದು ಅಂತೈತಿ.”

“ಡಬ್ಬಿ ನಂಬಬ್ಯಾಡ.”

“ಏ ಹುಡುಗಾ, ಅದು ಅಪ್ಪಾರು ಬರದದ್ದು! ಶಿವನ ಮಾತರ ಸುಳ್ಳಾದೀತು, ಅಪ್ಪಾರದು ಆಗೂದಿಲ್ಲ. ಹ್ಞೂಂ, ಹುಟ್ಟು ಹಾಕ್ರೋ!”

ಬಸಲಿಂಗ ಗುರುಗಳ ಮುಖ ನೋಡಿದ. ಅವರು ಕಣ್ಣು ಮುಚ್ಚಿದ್ದರು. ತುಟಿ ಮಾತ್ರ ಅಲುಗುತ್ತಿತ್ತು. ಹೊರಗೆ ನೀರು ಇನ್ನೊಂದು ಮೆಟ್ಟಿಲು ನುಂಗಿತು.

“ಅಪ್ಪಾರು ತಪ್ಪು ಬರದಾರ!”

ಅವನು ಕೂಗಿಬಿಟ್ಟಿದ್ದ.

“ಕಂಬ ಕೆಟ್ಟರ ಅದು ಹಳೇ ನೀರನ್ನ ತೋರಸ್ತೈತಿ. ನದಿ ಏರಿದ್ದು ಅದಕ್ಕ ಗೊತ್ತಾಗೂದಿಲ್ಲ. ತಪ್ಪು ಅಪ್ಪಾರದು. ಗೊತ್ತಿದ್ದೂ ಮುಚ್ಚಿಟ್ಟಾಂವ ನಾನು. ಮಂದಿ ಮುಳಗ್ತಾರ, ಅಣ್ಣಾ! ಎಲ್ಲಾರನೂ ಇಳಿಸು!”

ಆ ಕಡೆ ಯಾರೋ ಚೀರಿದರು. ಒಂದು ಮಗು ಅತ್ತಿತು. ಆಮೇಲೆ ಬೀಸುಗಲ್ಲು ಉರುಳಿದಂಥ ಮೊರೆತ. ಫೋನ್ ಸತ್ತಿತು.

ಮತ್ತೆ ಹಚ್ಚಿದ. ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದ.

ಬಸಲಿಂಗ ನೆಲಕ್ಕೆ ಹಣೆ ಒತ್ತಿ ಬಿದ್ದುಕೊಂಡ. ಶಿವನ ಹೆಸರೂ ಬಾಯಿಗೆ ಬರಲೊಲ್ಲದು. ಗುರುಗಳು ಅವನ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತರು.

ಎಷ್ಟೋ ಹೊತ್ತಿಗೆ ಫೋನ್ ರಿಂಗಾಯಿತು.

“ಎಲ್ಲಾರೂ ದಂಡಿ ಮ್ಯಾಲ ಅದೀವಿ,” ಹುಲಿಗೆಪ್ಪ ಅಳುತ್ತಿದ್ದ. “ದೋಣಿ ಹೋತು. ದೋಣಿ ಅಷ್ಟ ಹೋತು.”

ಕಾಯುವವನು ದೊಡ್ಡವನು. ಗುರುಗಳು ನದಿಯ ಕಡೆಗೆ ತಿರುಗಿ ಕೈಮುಗಿದರು. ಬಸಲಿಂಗನನ್ನು ಎಬ್ಬಿಸಿ, ತಮ್ಮ ಆಸನದಲ್ಲಿ, ಪರದೆಯ ಮುಂದೆ ಕೂರಿಸಿದರು.

“ನಾಳೆಯೂ ಕಂಬ ಕೆಡುತ್ತದೆ. ಎಲ್ಲರೂ ಇಳಿಸಿಕೊಳ್ಳುವ ಹಾಗೆ ಕಾರಣ ಬರೆದು ಇನ್ನೊಮ್ಮೆ ಕಳಿಸು.”

“ಅಲ್ಲಿ ನಿಮ್ಮ ಹೆಸರಿದೆ, ಗುರುಗಳೇ. ಲೋಕವೆಲ್ಲ ಓದುತ್ತದೆ. ಏನೆಂದು ಬರೆಯಲಿ?”

“ಹುಲಿಗೆಪ್ಪನಿಗೆ ಕೂಗಿ ಹೇಳಿದೆಯಲ್ಲ, ಅದನ್ನೇ ಬರೆ.”