ಹಗ್ಗ ಹಿಡಿದವರ ಪಾಲು

"ಗುರುಗಳೇ, ಜೀವಮಾನವಿಡೀ ದೇವರಿಗೆ ಬೆನ್ನು ಹಾಕಿ ಬದುಕಿದವನಿಗೂ ಸ್ವರ್ಗ, ಜೀವಮಾನವಿಡೀ ಮೊಣಕಾಲೂರಿ ಬದುಕಿದವನಿಗೂ ಅದೇ ಸ್ವರ್ಗ ಎಂದಾದರೆ, ಮೊಣಕಾಲೂರಿದವನು ಮೂರ್ಖನಾದಂತಲ್ಲವೇ?"

ಕೇಳಿದವನು ರುಜಾರ್. ಕಡಲ ದಡದ ಸಣ್ಣದೊಂದು ಇಗರ್ಜಿಯಲ್ಲಿ, ಪಾಸ್ಕಾಲ ಗುರುಗಳ ಬಳಿ ಉಪದೇಶಿಯ ಕೆಲಸ ಕಲಿಯುತ್ತಿದ್ದ. ಆ ಬೆಳಿಗ್ಗೆ ಅವರಿಬ್ಬರೂ ಬಸ್ತ್ಯಾಂವನನ್ನು ಮಣ್ಣು ಮಾಡಿ ಬಂದಿದ್ದರು. ಬಸ್ತ್ಯಾಂವ ಕುಡಿದು ಹೆಂಡತಿಯನ್ನು ಹೊಡೆದವನು, ಇಗರ್ಜಿಯ ಮೆರವಣಿಗೆಗೆ ಕಲ್ಲು ತೂರಿದವನು. ಸಾಯುವ ಮುನ್ನಾದಿನ ಗುರುಗಳನ್ನು ಕರೆಸಿ, ಅತ್ತು, ಪಾಪನಿವೇದನೆ ಮಾಡಿಕೊಂಡ. ಗುರುಗಳು ಅವನ ಹಣೆಗೆ ಎಣ್ಣೆ ಹಚ್ಚಿ ಪರಮಪ್ರಸಾದ ಕೊಟ್ಟರು. ಹೆಣ ಒಯ್ಯುವಾಗ ದೊಡ್ಡ ಗಂಟೆ ಬಾರಿಸು ಎಂದು ರುಜಾರನಿಗೇ ಹೇಳಿದರು. ಒಂದು ಪೂಜೆಯನ್ನೂ ತಪ್ಪಿಸದ ರುಜಾರನ ತಂದೆ ತೀರಿಕೊಂಡಾಗ ಬಾರಿಸಿದ್ದೂ ಅದೇ ಗಂಟೆ. ಕೈ ಬಾರಿಸಿತು, ಹೊಟ್ಟೆ ಉರಿಯಿತು.

"ಮೊದಲು ಕೂತುಕೋ" ಎಂದರು ಗುರುಗಳು. "ಹೊಟ್ಟೆ ಉರಿಯುವವನು ನಿಂತು ಕೇಳಿದರೆ ಕತೆ ಕಿವಿಯೊಳಗೆ ಇಳಿಯುವುದಿಲ್ಲ."

ರುಜಾರ್ ಕೂತ. ಗುರುಗಳು ಹೇಳತೊಡಗಿದರು.

ಕಡಲ ಬದಿಯಲ್ಲಿ ಒಂದು ಊರು. ಊರಿಗೆಲ್ಲ ಸೇರಿ ಒಂದೇ ದೊಡ್ಡ ರಂಪಣಿ ಬಲೆ. ದೋಣಿಯಲ್ಲಿ ಒಯ್ದು ನೀರಿಗೆ ಬಿಟ್ಟು, ಎರಡೂ ತುದಿಯ ಹಗ್ಗಗಳನ್ನು ದಡಕ್ಕೆ ತಂದು, ಊರಿಗೆ ಊರೇ ನಿಂತು ಎಳೆಯುವ ಬಲೆ ಅದು. ಎಳೆಯುವವರು ಕಡಲಿಗೆ ಮುಖ ಮಾಡಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ದಡ ಏರಬೇಕು. ನಾಲ್ಕು ಮನೆಯವರು ಎಳೆದರೆ ಅದು ಜಪ್ಪಯ್ಯ ಎಂದರೂ ಬರುವುದಿಲ್ಲ. ಆದುದರಿಂದ ಹಿರಿಯರು ಒಂದು ಕಟ್ಟಳೆ ಮಾಡಿಟ್ಟಿದ್ದರು. ಮೀನು ತುಂಬಿದ ಬಲೆಯ ಹೊಟ್ಟೆ ಮರಳು ಮುಟ್ಟುವ ಗಳಿಗೆಯಲ್ಲಿ ಯಾರ ಕೈ ಹಗ್ಗದ ಮೇಲಿರುತ್ತದೋ ಅವರಿಗೆಲ್ಲ ಸಮಪಾಲು. ದಾರಿಹೋಕನು ಗಂಟು ಕೆಳಗಿಟ್ಟು ಕೈ ಹಾಕಿದರೆ ಅವನಿಗೂ ಪಾಲು. ಕೈ ಹಾಕದವನಿಗೆ, ಅವನು ಬಲೆಯ ಯಜಮಾನನೇ ಆಗಿರಲಿ, ಒಂದು ಬಂಗುಡೆಯೂ ಇಲ್ಲ.

ಆ ಊರಿನಲ್ಲಿ ಒಬ್ಬ ಬಲೆ ಹೆಣೆಯುವವನಿದ್ದ. ಅವನು ಹಾಕಿದ ಗಂಟು ಬಿಚ್ಚಿತೆಂದು ಯಾರೂ ಹೇಳಿದ್ದಿಲ್ಲ. ಹಗ್ಗ ಎಳೆಯಲು ಕರೆದಾಗ ಅವನು ಬರಲಿಲ್ಲ ಎಂದೂ ಯಾರೂ ಹೇಳಿದ್ದಿಲ್ಲ. ಇದರ ಬಗ್ಗೆ ಅವನಿಗೆ ಸ್ವಲ್ಪ ಹೆಮ್ಮೆ ಇತ್ತು. ಇರಲಿ, ಒಳ್ಳೆಯ ಕೆಲಸಗಾರನಿಗೆ ಅಷ್ಟೂ ಇರಬಾರದೇ?

ಅದೇ ಊರಿನಲ್ಲಿ ಒಬ್ಬ ದೋಣಿಯವನೂ ಇದ್ದ. ಹಳೆಯ ಯಜಮಾನ ತೀರಿಕೊಂಡಾಗ ಬಲೆಯ ಯಜಮಾನಿಕೆ ತನಗೇ ಬರುತ್ತದೆಂದು ಕಾದಿದ್ದ. ಊರವರು ಒಬ್ಬ ಮುದುಕನನ್ನು ಆರಿಸಿದರು. ದೋಣಿಯವನು ಕೋಪದ ಕೈಗೆ ಬುದ್ಧಿ ಕೊಟ್ಟ. ಊರೆಲ್ಲ ಮದುವೆಯ ಊಟಕ್ಕೆ ಹೋಗಿದ್ದ ಮಧ್ಯಾಹ್ನ, ಒಣಗಲು ಹರಡಿದ್ದ ಬಲೆಯ ಹೊಟ್ಟೆಯನ್ನು ಮೀನು ಕೊಯ್ಯುವ ಕತ್ತಿಯಿಂದ ಉದ್ದಕ್ಕೂ ಸೀಳಿದ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟ.

ಆ ವಾರವೇ ಬಂಗುಡೆಯ ಹಿಂಡು ಬಂತು. ದಡದಲ್ಲಿ ನಿಂತವರಿಗೇ ಕಾಣುವಂತೆ ಬಂತು, ನಾಲ್ಕು ದಿನ ಇದ್ದು ಹೋಯಿತು. ಅಷ್ಟುದ್ದದ ಸೀಳನ್ನು ನಾಲ್ಕು ದಿನದಲ್ಲಿ ಹೆಣೆದು ಮುಗಿಸಲಾಗದೆ ಊರಿನವರು ನೋಡುತ್ತ ನಿಂತರು. ಆ ವರ್ಷ ಮನೆಮನೆಯಲ್ಲೂ ಗಂಜಿ ಮತ್ತು ಉಪ್ಪು.

ಬಲೆ ಹೆಣೆಯುವವನ ತಾಯಿ ಆಗ ಹಾಸಿಗೆ ಹಿಡಿದಿದ್ದಳು. ಒಂದು ತುಂಡು ಬಂಗುಡೆ ಇದ್ದಿದ್ದರೆ ಎರಡು ತುತ್ತು ಇಳಿಯುತ್ತಿತ್ತು ಮಗಾ ಎನ್ನುತ್ತಿದ್ದಳು. ಅಷ್ಟು ಕೇಳಿದ ತಾಯಿಗೆ ಅಷ್ಟನ್ನೂ ಕೊಡಲಾಗದೆ ಮಗ ಅವಳನ್ನು ಮಣ್ಣಿಗಿಟ್ಟ. ಆಮೇಲೆ ಬಲೆಯ ಸೀಳು ಮುಚ್ಚುತ್ತ ಕೂತ. ಒಂದೊಂದು ಗಂಟಿಗೂ ದೋಣಿಯವನ ಹೆಸರು ಹಿಡಿದು ಶಪಿಸಿದ. ಅಷ್ಟು ಶಾಪ ಹೊತ್ತ ಮೇಲೂ ಆ ಬಲೆ ಮೀನು ಹಿಡಿಯಿತಲ್ಲ, ಅದು ಬಲೆಯ ದೊಡ್ಡತನ.

ಮರುವರ್ಷ ಹಿಂಡು ಮತ್ತೆ ಬಂತು. ಬಲೆ ಬಿಟ್ಟರು. ಎಳೆಯಲು ತೊಡಗಿದಾಗ ಹಗ್ಗ ಬಿಗಿದು ನಿಂತಿತು. ಅಂಥ ಭಾರವನ್ನು ಊರು ಕಂಡಿರಲಿಲ್ಲ. ಮುದುಕರು ಬಂದು ಕೈ ಹಾಕಿದರು, ಬಾಣಂತಿಯರು ಮಗುವನ್ನು ನೆರಳಲ್ಲಿ ಮಲಗಿಸಿ ಬಂದರು. ಬಲೆ ಹೆಣೆಯುವವನು ಹಲ್ಲು ಕಚ್ಚಿ ಎಳೆಯುತ್ತಿದ್ದ. ಆಗ ದಡದ ಮೇಲುಗಡೆ ದೋಣಿಯವನು ಕಾಣಿಸಿದ.

ಗುರುತು ಸಿಗದಷ್ಟು ಬಡಕಲಾಗಿದ್ದ. ಹಿಂದೆ ಅವನ ಹೆಂಡತಿ, ಅವಳ ಕೈಯಲ್ಲಿ ಖಾಲಿ ಬುಟ್ಟಿ. ಹೋದ ಕಡೆ ಯಾರೂ ಅವನನ್ನು ದೋಣಿಗೆ ಹತ್ತಿಸಿರಲಿಲ್ಲ. ಬಲೆ ಕೊಯ್ದವನೆಂಬ ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಅವನು ಹಗ್ಗದ ಹತ್ತಿರ ಬರಲಿಲ್ಲ. ಬಾಯಿ ಬಿಟ್ಟು ಏನನ್ನೂ ಕೇಳಲಿಲ್ಲ. ಕೇಳುವ ಮುಖ ಅವನಿಗಿರಲಿಲ್ಲ. ತಲೆ ತಗ್ಗಿಸಿ ಒಣ ಮರಳಿನ ಮೇಲೆ ನಿಂತ.

ಯಜಮಾನ ಹಗ್ಗದ ಬಾಲ ಹಿಡಿದಿದ್ದ. ಅವನು ದೋಣಿಯವನನ್ನು ನೋಡಿದ. ಹಗ್ಗದ ತುದಿಯನ್ನು ಎಳೆದುಕೊಂಡೇ ದಡ ಹತ್ತಿ ಹೋಗಿ, ದೋಣಿಯವನ ಎರಡೂ ಕೈ ಹಿಡಿದು ಅದರ ಮೇಲಿಟ್ಟ. ತಾನು ಇಳಿದು ಬಂದು ಮುಂದೆ ಸೇರಿಕೊಂಡ.

ಬಲೆ ಹೆಣೆಯುವವನ ಮೈ ಹೊತ್ತಿಕೊಂಡಿತು.

"ಬಲೆ ಕೊಯ್ದ ಕೈಗೆ ಹಗ್ಗ ಕೊಡುವುದಾ? ನನ್ನ ಅಮ್ಮ ಒಂದು ತುಂಡು ಮೀನು ಕಾಣದೆ ಹೋದಳು, ಅದು ನಿಮಗೆ ಮರೆತುಹೋಯಿತಾ?"

"ಮರೆಯಲಿಲ್ಲ ಮಗಾ. ಆ ದಿನ ಅವಳನ್ನು ಹೊತ್ತವರಲ್ಲಿ ನಾನೂ ಒಬ್ಬ" ಎಂದ ಯಜಮಾನ. "ಆದರೆ ಹಗ್ಗ ಹಿಡಿಯುವ ಕೈ ಎಂಥದಿರಬೇಕು ಅಂತ ಹಿರಿಯರು ಹೇಳಿಲ್ಲ. ಎಳಿ, ಭಾರ ಇದೆ."

"ಹಾಗಾದರೆ ನೀವೇ ಎಳೆಯಿರಿ. ಅವನ ಪಾಲಿನ ಪಕ್ಕದಲ್ಲಿ ನನ್ನ ಪಾಲು ಬೇಡ."

ಬಲೆ ಹೆಣೆಯುವವನು ಹಗ್ಗ ಬಿಟ್ಟ. ಹುಟ್ಟಿದ ಮೇಲೆ ಮೊದಲ ಸಲ ಬಿಟ್ಟ. ದಡ ಹತ್ತಿ, ಬೆನ್ನು ತಿರುಗಿಸಿ ನಿಂತ. ಈಗ ಎಲ್ಲರೂ ಬಂದು ತನ್ನನ್ನು ಕರೆಯುತ್ತಾರೆ, ಆಗಲಾದರೂ ನ್ಯಾಯ ತೀರ್ಮಾನವಾಗುತ್ತದೆ ಎಂದುಕೊಂಡ. ಯಾರೂ ಕರೆಯಲಿಲ್ಲ. ಕರೆಯುವುದಕ್ಕೆ ಯಾರಿಗೂ ಉಸಿರಿರಲಿಲ್ಲ. ಅವನಿಗೆ ತಡೆಯಲಾಗಲಿಲ್ಲ, ತಿರುಗಿ ನೋಡಿದ. ತಾನೇ ಹೆಣೆದ ಬಲೆ ನೀರಿನಿಂದ ಮೇಲೇಳುತ್ತಿತ್ತು. ಮನೆಯಲ್ಲಿ ಮಕ್ಕಳು ಮಸಾಲೆ ಅರೆಸಿಕೊಂಡು ಕಾದಿದ್ದರು. ಇನ್ನೊಂದು ಚೂರು ಹೊತ್ತು ಹೋದರೆ ಊರಿಗೆಲ್ಲ ಮೀನು, ಅವನ ಮನೆಗಿಲ್ಲ. ಅವನಿಗೆ ಹೆದರಿಕೆಯಾಯಿತು, ನಾಚಿಕೆಯೂ ಆಯಿತು. ಆದರೆ ಬಿಟ್ಟ ಹಗ್ಗವನ್ನು ತಾನಾಗಿ ಹಿಡಿಯಲು ಕಾಲು ಮುಂದೆ ಬರಲಿಲ್ಲ. ಆಡಿದ ಮಾತು ಕಾಲಿಗೆ ತೊಡರಿಕೊಂಡಿತ್ತು.

ಎಳೆಯುವವರು ಹಿಂದೆ ಹಿಂದೆ ಬರುತ್ತಲೇ ಇದ್ದರು. ಎಲ್ಲರಿಗಿಂತ ಹಿಂದೆ ಹಗ್ಗದ ಬಾಲ ಹಿಡಿದು ಬರುತ್ತಿದ್ದವನು ದೋಣಿಯವನು. ಅವನ ಬೆನ್ನು ಬಂದು ಬಲೆ ಹೆಣೆಯುವವನ ಎದೆಗೆ ತಾಗಿತು. ದೋಣಿಯವನು ತಿರುಗಿದ. ಇಬ್ಬರೂ ಮುಖ ನೋಡಿಕೊಂಡರು. ದೋಣಿಯವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲು ಅವನ ಕೈಗೆ ಬಿಡುವಿರಲಿಲ್ಲ.

"ಅಣ್ಣಾ, ನನ್ನಿಂದ ಆಗುವುದಿಲ್ಲ, ಒಂದು ಕೈ ಹಾಕು" ಎಂದ.

ಕೈಗೆ ಅದು ಅಭ್ಯಾಸವೋ, ದೇವರೇ ಎತ್ತಿಸಿದನೋ, ಹೇಳಲಾರೆ. ಬಲೆ ಹೆಣೆಯುವವನು ಯೋಚಿಸುವ ಮೊದಲೇ ಅವನ ಕೈ ಹಗ್ಗದ ಮೇಲಿತ್ತು. ಇಬ್ಬರೂ ಸೇರಿ ಎಳೆದರು. ಬಲೆಯ ಹೊಟ್ಟೆ ಮರಳು ಮುಟ್ಟಿತು.

ಯಜಮಾನ ಮೀನನ್ನು ಗುಡ್ಡೆ ಗುಡ್ಡೆ ಮಾಡಿ ಹಂಚಿದ. ಎಲ್ಲ ಗುಡ್ಡೆಯೂ ಒಂದೇ ಸಮ. ದೋಣಿಯವನ ಹೆಂಡತಿಯ ಬುಟ್ಟಿ ತುಂಬಿತು. ಅವಳಿಗೆ ಎತ್ತಲಾಗದಾಗ ಬಲೆ ಹೆಣೆಯುವವನೇ ಒಂದು ಕಡೆ ಹಿಡಿದು ಅವಳ ತಲೆಗೇರಿಸಿದ. ಮಾತು ಮಾತ್ರ ಆಡಲಿಲ್ಲ. ಮಾತಿಗೆ ಇನ್ನಷ್ಟು ದಿನ ಬೇಕಿತ್ತು. ಮನೆಗೆ ಹೋಗಿ, ಮೊದಲ ತುಂಡನ್ನು ತಾಯಿಯ ಹೆಸರಿನಲ್ಲಿ ಎಲೆಯ ತುದಿಗಿಟ್ಟು ಊಟಕ್ಕೆ ಕೂತ. ಅವಳು ಹೋದ ಮೇಲೆ ಅವನ ನಾಲಿಗೆಗೆ ರುಚಿ ಎಂಬುದು ತಿಳಿದದ್ದು ಆ ದಿನವೇ. ಹೊಟ್ಟೆ ತುಂಬ ಉಂಡ. ಮಕ್ಕಳ ಗಲಾಟೆಯ ನಡುವೆಯೇ ಗೋಡೆಗೊರಗಿ ನಿದ್ದೆ ಹೋದ.

ಗುರುಗಳು ಕತೆ ನಿಲ್ಲಿಸಿದರು. ರುಜಾರನ ಮುಖದ ಬಿಗಿ ಅರ್ಧ ಸಡಿಲಿತ್ತು. ಇನ್ನರ್ಧ ಸುಲಭಕ್ಕೆ ಬಿಡುವಂಥದಲ್ಲ.

"ಕತೆ ಚೆನ್ನಾಗಿದೆ, ಗುರುಗಳೇ. ಅವನು ಕೈ ಹಾಕಿದ್ದಕ್ಕೆ ನನಗೂ ಸಂತೋಷವೇ" ಎಂದ. "ಆದರೂ ನ್ಯಾಯ ನ್ಯಾಯವೇ ಅಲ್ಲವೇ? ಬಲೆ ಕೊಯ್ದವನಿಗೆ ಎಷ್ಟು ಮೀನೋ, ಬಲೆ ಹೆಣೆದವನಿಗೂ ಅಷ್ಟೇ ಮೀನು ಎಂದರೆ ಹೇಗೆ?"

ಗುರುಗಳು ನಕ್ಕು ಅವನ ಹೆಗಲ ಮೇಲೆ ಕೈಯಿಟ್ಟರು.

"ಬಲೆ ಹೆಣೆದದ್ದು ಅವನೇ, ಒಪ್ಪಿದೆ, ಮೀನನ್ನು ಹೆಣೆದವರು ಯಾರಪ್ಪಾ?"