ಐದು ದಿನದ ಗುಡ್ಡ

ಕರಡಿಹಾಳದಿಂದ ಪಡುವಣಕ್ಕೆ ಅರ್ಧ ಹರದಾರಿ ನಡೆದರೆ ಸಿಗುವ ಗುಡ್ಡಕ್ಕೆ ಐದು ದಿನದ ಗುಡ್ಡವೆಂದು ಹೆಸರು. ಹತ್ತಲು ಐದು ದಿನ ಬೇಕೇನ್ರೀ ಎಂದು ಹೊರಗಿನವರು ನಗುತ್ತಾರೆ. ನಗಲಿ ಬಿಡಿ, ಅರ್ಧ ಗಂಟೆ ಸಾಕು. ಆದರೆ ಶಿವರಾತ್ರಿಯ ಆಸುಪಾಸಿನಲ್ಲಿ ಬಂದು ನೋಡಬೇಕು ಇದನ್ನು! ಒಂದೆಲೆಯೂ ಇಲ್ಲದ ಮುತ್ತುಗದ ಮರಗಳು ಮೈತುಂಬ ಕೆಂಪು ಹೂ ಹೊತ್ತು ನಿಂತಿರುತ್ತವೆ. ಅರವತ್ತು ವರ್ಷದಿಂದ ನೋಡುತ್ತಿದ್ದೇನೆ, ಈಗಲೂ ಮೈ ಜುಮ್ಮೆನ್ನುತ್ತದೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಗುಡ್ಡದ ಬುಡದಲ್ಲಿ ಕೆಂಚವ್ವ ಎಂಬ ಮುದುಕಿ ಇದ್ದಳು ಎನ್ನುತ್ತಾರೆ. ಮುತ್ತುಗದ ಎಲೆ ಕೊಯ್ದು ಊಟದ ಪತ್ರಾವಳಿ ಹಚ್ಚುವುದು ಅವಳ ಕಸುಬು. ಏಳೂರಿನ ಮದುವೆ ಮನೆಗಳು ಉಣ್ಣುತ್ತಿದ್ದದ್ದು ಅವಳು ಹಚ್ಚಿದ ಎಲೆಯ ಮೇಲೆಯೇ. ಆ ವರ್ಷ ಮಲೆಸೀಮೆಯಿಂದ ಸೂರಪ್ಪಯ್ಯ ಎಂಬ ಹೊಸ ಪಾರುಪತ್ಯಗಾರ ಬಂದ. ಹುಟ್ಟಿದಂದಿನಿಂದ ಹಸಿರು ಕಾಡನ್ನೇ ಕಂಡವನು, ಮಾಘದಲ್ಲಿ ಬೋಳಾಗಿ ನಿಂತ ನಮ್ಮ ಮರಗಳನ್ನು ನೋಡಿ ಎಲ್ಲವೂ ಸತ್ತಿವೆ ಎಂದುಕೊಂಡ. ಕಡಿದು ಇದ್ದಿಲು ಮಾಡಿರೆಂದು ಇಪ್ಪತ್ತು ಆಳುಗಳನ್ನು ಕೊಡಲಿ ಸಮೇತ ಕರೆತಂದೇ ಬಿಟ್ಟ, ಪುಣ್ಯಾತ್ಮ!

ಕೆಂಚವ್ವ ಒಂದು ಟೊಂಗೆ ಮುರಿದು ಅವನ ಕೈಗಿಟ್ಟಳು. "ಸತ್ತಿಲ್ಲರೀ ಧಣ್ಯಾರ, ಇವು ಮೊಗ್ಗು. ಐದು ದಿನ ತಡೀರಿ, ಹೂ ಬಿಡ್ತಾವ. ಬಿಡಲಿಲ್ಲಂದ್ರ ಮೊದಲನೇ ಏಟು ನಾನಾ ಹಾಕ್ತೀನಿ" ಎಂದಳು. ಸೂರಪ್ಪಯ್ಯ ಆ ಕಪ್ಪು ಮೊಗ್ಗನ್ನು ಉಗುರಿನಿಂದ ಕೆರೆದು, ಹುಳು ಹಿಡಿದಿದೆ ಎಂದನಂತೆ. ಏಳೂರ ಗೌಡರು ಅವಳ ಬೆನ್ನಿಗೆ ನಿಂತದ್ದರಿಂದ ಒಲ್ಲದ ಮನಸ್ಸಿನಿಂದ ಒಪ್ಪಿದ. ಮೊಗ್ಗಿನ ತುದಿ ಗಿಣಿಯ ಕೊಕ್ಕಿನಂತೆ ಬಾಗಿದ ಐದನೆಯ ದಿನಕ್ಕೆ ಹೂ ಅರಳುವುದನ್ನು ನಲವತ್ತು ವರ್ಷ ಕಣ್ಣಾರೆ ಕಂಡವಳು ಅವಳು. ಆದರೆ ಆ ವರ್ಷ ಎಂದೂ ಇಲ್ಲದ ಚಳಿಗಾಳಿ ಬೀಸಿತು. ಐದನೆಯ ದಿನ ಹೊತ್ತು ಇಳಿಯತೊಡಗಿದರೂ ಕಣ್ಣಿಗೆ ಒಂದು ಹೂವಿಲ್ಲ! ಮರ ಹೋದರೆ ಅವಳ ಅನ್ನವೂ ಹೋಯಿತು. ಆದರೂ ಕೊಟ್ಟ ಮಾತಿಗೆ ತಪ್ಪಲಿಲ್ಲ, ಆಳಿನ ಕೈಯಿಂದ ಕೊಡಲಿ ಇಸಿದುಕೊಂಡಳು.

ದೊಡ್ಡ ಮರ ಕೆಡವುವ ಮೊದಲು ಅದರ ನೆತ್ತಿಗೆ ಹಗ್ಗ ಕಟ್ಟುವುದು ಕಡಿಯುವವರ ಪದ್ಧತಿ. ಹಗ್ಗ ಹಿಡಿದು ಹತ್ತಿದ ಆಳು ತುದಿಯಿಂದ ಕೂಗಿಕೊಂಡ: "ಯವ್ವಾ, ಹೂ! ಹೂ ಬಿಟ್ಟೈತಿ!" ಸೂರಪ್ಪಯ್ಯ ನಂಬಲಿಲ್ಲ. ಪಂಚೆ ಎತ್ತಿ ಕಟ್ಟಿ ತಾನೇ ಹತ್ತಿದ. ನೋಡುತ್ತಾನೆ, ಕೆಳಗಿನವರಿಗೆ ಕಾಣದಂತೆ, ಒತ್ತಾದ ಕಪ್ಪು ಮೊಗ್ಗುಗಳ ಮರೆಯಲ್ಲಿ, ಬಿಸಿಲು ತಾಗುವ ನೆತ್ತಿಯ ರೆಂಬೆಯ ಮೇಲ್ಮಗ್ಗುಲಲ್ಲಿ ಕೆಂಪು ಗೊಂಚಲು! ಆ ಮರದ್ದಷ್ಟೇ ಅಲ್ಲ, ಸುತ್ತ ಕಣ್ಣು ಹಾಯಿಸಿದರೆ ಗುಡ್ಡದ ಮರಗಳ ನೆತ್ತಿಯೆಲ್ಲ ಕೆಂಪೇ ಕೆಂಪು! ಎಷ್ಟು ಹೊತ್ತಾದರೂ ಅವನು ಇಳಿಯಲೇ ಇಲ್ಲವಂತೆ. ಕೊನೆಗೆ ಕೆಂಚವ್ವನೇ ಕೂಗಿದಳು: "ಇಳದು ಬರ್ರೀ ಧಣ್ಯಾರ, ಕೊಡಲಿ ನನ್ನ ಕೈಯಾಗದ ಖರೆ, ಏಟು ಹಾಕಂಗಿಲ್ಲ!" ಏಳೂರೂ ಹೊಟ್ಟೆ ಹಿಡಿದು ನಕ್ಕಿತು. ಇಳಿದು ಬಂದ ಸೂರಪ್ಪಯ್ಯ ಅವಳಿಗೆ ಕೈಮುಗಿದು, ಇನ್ನು ಮುಂದೆ ಬೋಳು ಮರ ಕಡಿಯಬೇಕೆನ್ನುವವನು ಐದು ದಿನ ಅದರ ಬುಡದಲ್ಲಿ ಕೂತು ಎದ್ದ ಮೇಲೆಯೇ ಕೊಡಲಿ ಮುಟ್ಟಬೇಕೆಂದು ಡಂಗುರ ಸಾರಿಸಿದ.

ಇಂದಿಗೂ ಮಾಘದಲ್ಲಿ ಇತ್ತ ಬಂದವರಿಗೆ ಬೋಳು ಮರದಡಿ ಚಾಪೆ ಹಾಸಿ, ರೊಟ್ಟಿ ಗಂಟು ಇಟ್ಟುಕೊಂಡು ಮೇಲೆ ನೋಡುತ್ತ ಕೂತವರು ಕಾಣುತ್ತಾರೆ. ಹುಚ್ಚರೆನ್ನಬೇಡಿ. ಹೋದ ವರ್ಷ ಹಾಗೆ ಕೂತವನು ನಾನೇ! ನಮ್ಮ ಹಿತ್ತಲ ಹಾಲವಾಣದ ಮರ ಸತ್ತಿತೆಂದು ಕೊಡಲಿ ಮಸೆದಿಟ್ಟಿದ್ದೆ. ನಾಲ್ಕನೆಯ ಬೆಳಿಗ್ಗೆ ಅದರಡಿ ಕಣ್ಣು ಬಿಟ್ಟರೆ ಎದೆಯ ಮೇಲೆ ಒಂದು ಕೆಂಪು ಎಸಳು ಬಿದ್ದಿತ್ತು.