ಇಪ್ಪತ್ತನೆಯ ಕೋಣೆ

"ಗುರುಗಳೇ, ನನ್ನನ್ನು ದಡ್ಡಿ ಎಂದವರ ಎದುರು ಗೆದ್ದು ನಿಲ್ಲುವವರೆಗೆ ನನಗೆ ನೆಮ್ಮದಿಯಿಲ್ಲ. ಈ ಹಟ ತಪ್ಪೇ?" ಎಂದು ಶಿಷ್ಯೆ ಕೇಳಿದಳು.

ಗುರು ತಪ್ಪೆನ್ನಲಿಲ್ಲ, ಸರಿಯೆನ್ನಲಿಲ್ಲ. ಈ ಕತೆ ಹೇಳಿದರು.

ಒಬ್ಬ ಹುಡುಗಿ ತಾಯಿಯ ಜೊತೆ ವ್ಯಾಪಾರಿಯ ಮನೆಗೆ ಪಾತ್ರೆ ತೊಳೆಯಲು ಹೋಗುತ್ತಿದ್ದಳು. ವ್ಯಾಪಾರಿಯ ಮಗಳು ಟಿ.ವಿ.ಗೆ ಸಿಕ್ಕಿಸಿದ ವಿಡಿಯೊ ಗೇಮ್ ಆಡುತ್ತಿದ್ದಳು. ಪರದೆಯ ಮೇಲೊಂದು ಕೋಣೆ, ಅದರಲ್ಲಿ ಪೆಟ್ಟಿಗೆಗಳು, ಅವನ್ನು ತಳ್ಳುವ ಪುಟ್ಟ ಕೂಲಿಯಾಳು. ಹುಡುಗಿ ಒಮ್ಮೆ ಗುಂಡಿಯತ್ತ ಕೈ ಚಾಚಿದಳು.

"ಮುಟ್ಟಬೇಡ. ಇದು ಬುದ್ಧಿ ಇರುವವರ ಆಟ," ಎಂದಳು ವ್ಯಾಪಾರಿಯ ಮಗಳು.

ಹುಡುಗಿ ಕೈ ಹಿಂದಕ್ಕೆ ತೆಗೆದಳು. ಮಾತನ್ನು ಮಾತ್ರ ಮನೆಗೆ ಒಯ್ದಳು. ದಿನಸಿ ಕಟ್ಟಿ ಬಂದ ಕಾಗದಗಳಲ್ಲಿ ಓದು ಕಲಿತಳು. ಹೊಲಿಗೆ ಕಲಿತಳು. ನಾಲ್ಕು ಯಂತ್ರಗಳ ಅಂಗಡಿ ಇಟ್ಟಳು. ಯಾರೂ ಕೈ ಹಿಡಿದು ನಡೆಸಲಿಲ್ಲ.

ಮೂವತ್ತು ವರ್ಷದ ಮೇಲೆ ಗುಜರಿಯಲ್ಲಿ ಅದೇ ಆಟ ಕಂಡಿತು. ಕೊಂಡು ತಂದು, ಕ್ಯಾಸೆಟ್ಟಿನ ಬಾಯಿಗೆ ಊದಿ ಧೂಳು ಹಾರಿಸಿ ಸಿಕ್ಕಿಸಿದಳು. ಪ್ರತಿ ಪೆಟ್ಟಿಗೆಯನ್ನೂ ಗುರುತಿಟ್ಟ ಜಾಗಕ್ಕೆ ಸೇರಿಸಬೇಕು; ತಳ್ಳಬಹುದು, ಎಳೆಯುವಂತಿಲ್ಲ. ಮೂಲೆಗೆ ಸಿಕ್ಕಿಬಿದ್ದರೆ ಮತ್ತೆ ಮೊದಲ ಕೋಣೆ. ಕರೆಂಟು ಹೋದರೂ ಮೊದಲ ಕೋಣೆ. ಒಟ್ಟು ಇಪ್ಪತ್ತು ಕೋಣೆ. ದಿನವೂ ಊಟದ ಬಿಡುವಿನಲ್ಲಿ ಆಡಿದಳು. ಅನ್ನ ತಣ್ಣಗಾಗುತ್ತಿತ್ತು. ಹತ್ತೊಂಬತ್ತರವರೆಗೆ ಹೋಗುವುದು ಕೈಗೆ ಹತ್ತಿದ ಮೇಲೆ, ತನ್ನಲ್ಲೇ ಬಟ್ಟೆ ಹೊಲಿಸುತ್ತಿದ್ದ ವ್ಯಾಪಾರಿಯ ಮಗಳಿಗೆ, ರವಿಕೆಗೆ ಹೊಸ ಅಳತೆ ಬೇಕೆಂದು ಹೇಳಿಕಳಿಸಿದಳು.

ಆಕೆ ಬಂದು ನಕ್ಕಳು. "ಈ ವಯಸ್ಸಿನಲ್ಲಿ ಮಕ್ಕಳ ಆಟವೇನೇ?"

"ಬುದ್ಧಿ ಇರುವವರ ಆಟ ಅಕ್ಕಾವ್ರೇ. ಕೂತು ನೋಡಿ."

ಹತ್ತೊಂಬತ್ತು ದಾಟಿತು. ಇಪ್ಪತ್ತನೆಯದು ತೆರೆಯಿತು. ತಲೆಯ ಮೇಲೆ ಫ್ಯಾನು ನಿಧಾನವಾಯಿತು. ಚಿತ್ರ ನಡುಗಿತು. ಹೊಲಿಯುವವರು ಯಂತ್ರ ನಿಲ್ಲಿಸಿ ತಿರುಗಿದರು. ಉಳಿದದ್ದು ಒಂದೇ ಪೆಟ್ಟಿಗೆ. ಒಂದು ಹೆಜ್ಜೆ ಹೆಚ್ಚಾದರೆ ಮೂಲೆ. ಇವಳೆದುರೇ ಸೋತರೆ ಅಂದಿನ ಮಾತು ನಿಜವಾಗುತ್ತದೆ. ಬೆವೆತ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಒತ್ತಿದಳು.

ಪೆಟ್ಟಿಗೆ ಜಾಗಕ್ಕೆ ಕೂತಿತು. ಪರದೆ ಕಪ್ಪಾಯಿತು. ಆಮೇಲೆ ಮೊದಲ ಕೋಣೆ ಬಂತು. ಒಂದು ಸದ್ದಿಲ್ಲ, ಒಂದು ಅಕ್ಷರವಿಲ್ಲ.

"ಇಷ್ಟೇನಾ?" ಎಂದಳು ಅಂಗಡಿಯೊಡತಿ.

ವ್ಯಾಪಾರಿಯ ಮಗಳು ಪರದೆಯನ್ನೇ ನೋಡುತ್ತಿದ್ದಳು. "ಅಯ್ಯೋ, ಇದು ನಮ್ಮ ಮನೆಯ ಆಟವಲ್ಲವೇನೇ! ಇದಕ್ಕೆ ಇಷ್ಟೊಂದು ಕೋಣೆ ಇದ್ದವಾ? ನಾನು ಮೂರನೆಯದನ್ನೇ ದಾಟಲಿಲ್ಲ. ನೀನೆಲ್ಲಿ ದಾಟಿಬಿಡುತ್ತೀಯೋ ಅಂತಲೇ ಅವತ್ತು ಮುಟ್ಟಲು ಬಿಡಲಿಲ್ಲ."

ಅಂಗಡಿಯೊಡತಿ ಟಿ.ವಿ. ಬಂದ್ ಮಾಡಿದಳು. ಅಳತೆಯ ಟೇಪು ಕೈಗೆತ್ತಿಕೊಂಡಳು.

ಶಿಷ್ಯೆಯ ಮುಖ ಅರಳಿತು. "ಹಾಗಾದರೆ ಆಕೆ ಗೆದ್ದಳಲ್ಲ, ಗುರುಗಳೇ!"

"ಗೆದ್ದಳು," ಎಂದರು ಗುರು, "ಮೂರನೆಯ ಕೋಣೆ ದಾಟದವಳ ಅಳತೆಗೆ ತನ್ನ ಮೂವತ್ತು ವರ್ಷಗಳನ್ನು ಕತ್ತರಿಸಿಕೊಂಡು."